ಕುದುರೆಮುಖ ಹತ್ತುವುದು ಸುಲಭ, ಗುಂಪನ್ನು ಇಳಿಸುವುದು ಹೇಗೆ?

ದಸರಾ ಮುಗಿದು ಮಳೆ ಸ್ವಲ್ಪ ಹಿಂದೆ ಸರಿದರೆ ಸಾಕು, ಮಂಗಳೂರು, ಉಡುಪಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ‘ಈ ಸಲ ಕುದುರೆಮುಖ ಹೋಗುವಾ?’ ಐದು ನಿಮಿಷದಲ್ಲಿ ಹದಿನಾಲ್ಕು ಹೆಬ್ಬೆರಳು ಏಳುತ್ತವೆ. ಹೋಗಿ ಬಂದ ಮೇಲೆ ಅದೇ ಗುಂಪಿನಲ್ಲಿ ಮಂಡಿ ನೋವಿನ ಮುಲಾಮಿನ ಚರ್ಚೆ. ಏಳೆಂಟು ಸಲ ಈ ಗುಡ್ಡಕ್ಕೆ ಹೋದವನಾಗಿ ಹೇಳುತ್ತೇನೆ, ಹತ್ತುವಾಗ ಕೆಟ್ಟ ಗುಂಪನ್ನು ನಾನು ನೋಡಿಲ್ಲ. ಕೆಡುವುದೆಲ್ಲ ಇಳಿಯುವಾಗ.

1. ಜಾಗ ಕಾದಿರಿಸಿ

ಇದು ರಾಷ್ಟ್ರೀಯ ಉದ್ಯಾನದೊಳಗಿನ ಗುಡ್ಡ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ‘ಅಲ್ಲಿ ನನಗೆ ಪರಿಚಯದವರಿದ್ದಾರೆ, ನೋಡಿಕೊಳ್ಳುತ್ತಾರೆ’ ಎನ್ನುವವನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನನ್ನು ನಂಬಿ ಹೊರಡಬೇಡಿ.

2. ಶೂವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ

ನಮ್ಮೂರಿನ ಮಳೆಗಾಲ ಕಪಾಟಿನೊಳಗಿನ ಶೂವನ್ನೂ ಬಿಡುವುದಿಲ್ಲ. ಪಿಯು (ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್) ಸೋಲ್ ಇರುವ ಶೂ ಹೊರಗಿನಿಂದ ಹೊಸತರಂತೆಯೇ ಕಾಣುತ್ತದೆ, ಒಳಗೆ ತೇವಕ್ಕೆ ಸತ್ವ ಹೋಗಿರುತ್ತದೆ. ನಮ್ಮ ಗುಂಪಿನ ಒಬ್ಬರ ಶೂ ದಾರಿಯಲ್ಲಿ ಸಿಗುವ ಒಂಟಿಮರ ದಾಟಿದ ಮೇಲೆ ಹಳೆ ರಸ್ಕಿನ ಹಾಗೆ ಉದುರತೊಡಗಿತು. ಮೊದಲು ಹಿಮ್ಮಡಿ, ಹತ್ತು ನಿಮಿಷದಲ್ಲಿ ಇಡೀ ಅಡಿ. ಬೈರಾಸು (ಟವೆಲ್) ಹರಿದು ಸುತ್ತಿ ಕಟ್ಟಿ ಅವರನ್ನು ಕೆಳಗೆ ತಂದೆವು. ಹಾಗಾಗಿ ವಾರ ಮೊದಲೇ ಸೋಲನ್ನು ಬಗ್ಗಿಸಿ, ಉಗುರಿನಿಂದ ಕೆರೆದು ನೋಡಿ. ಪುಡಿ ಬಂದರೆ ಎಸೆಯಿರಿ. ಅಂಟು ಹಾಕಿ ಸುಧಾರಿಸಲು ಹೋಗಬೇಡಿ. ಹೊಸ ಶೂವನ್ನು ಹಿಂದಿನ ದಿನ ತಂದು ಹಾಕಿಕೊಳ್ಳುವುದೂ ಅಷ್ಟೇ ದಡ್ಡತನ. ಒಂದು ವಾರ ಅದರಲ್ಲೇ ಪೇಟೆ ತಿರುಗಿ.

ಕಾಲಿನ ಉಗುರು ಎರಡು ದಿನ ಮೊದಲು ಕತ್ತರಿಸಿ. ಯಾಕೆಂದು ಇಳಿಯುವಾಗ ಗೊತ್ತಾಗುತ್ತದೆ.

3. ಹಿಂದಿನ ದಿನವೇ ಘಟ್ಟ ಹತ್ತಿ

ಕಾರ್ಕಳ, ಬಜಗೋಳಿ ದಾಟಿ ಕುದುರೆಮುಖ ಪೇಟೆ, ಅಲ್ಲಿಂದ ಸಂಸೆ ಕಡೆ. ಚೆಕ್‌ಪೋಸ್ಟಿನಲ್ಲಿ ಚೀಟಿ ಕೊಡುತ್ತಾರೆ, ಕಾಡಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಕೂರುವಂತಿಲ್ಲ. ಕತ್ತಲಾದ ಮೇಲೆ ಬಿಡುತ್ತಾರೆಂಬ ಲೆಕ್ಕವೂ ಬೇಡ. ಮಧ್ಯಾಹ್ನವೇ ಹೊರಟು ಸಂಸೆ, ಕಳಸದ ಕಡೆ ಹೋಂಸ್ಟೇಯಲ್ಲಿ ಮಲಗಿ. ಬೆಳಿಗ್ಗೆ ಬಲೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿ. ನಿಮ್ಮ ಕಾರು ಆ ರಸ್ತೆಗಲ್ಲ. ಏಳು ಗಂಟೆಗೆ ನಡಿಗೆ ಶುರುವಾಗಬೇಕು.

4. ಬುತ್ತಿ

ಮೂಡೆ ಅಥವಾ ಕೊಟ್ಟಿಗೆ, ಅಂದರೆ ಎಲೆಯಲ್ಲಿ ಬೇಯಿಸಿದ ಇಡ್ಲಿ. ಎಲೆಯೊಳಗೇ ಇರುತ್ತದೆ, ಹಳಸುವುದಿಲ್ಲ, ಪ್ಲಾಸ್ಟಿಕ್ ಬೇಡ. ತೆಂಗಿನಕಾಯಿ ಚಟ್ನಿ ಬಿಟ್ಟು ಚಟ್ನಿಪುಡಿ ತೆಗೆದುಕೊಳ್ಳಿ. ನೀರು ತಲೆಗೆ ಎರಡು ಲೀಟರ್, ಜೊತೆಗೊಂದು ಬಾಟಲಿ ಉಪ್ಪು, ಸಕ್ಕರೆ ಹಾಕಿದ ಪುನರ್ಪುಳಿ (ಕೋಕಂ) ಶರಬತ್ತು. ಎನರ್ಜಿ ಡ್ರಿಂಕಿನ ಡಬ್ಬಿ ತರುವವರ ಮೇಲೆ ನನಗೆ ಸಿಟ್ಟಿದೆ. ಖಾಲಿ ಡಬ್ಬಿ ಯಾವಾಗಲೂ ಬೇರೆಯವರ ಚೀಲದಲ್ಲೇ ಕೆಳಗೆ ಬರುತ್ತದೆ.

5. ಉಂಬಳ

ಅಕ್ಟೋಬರಿನಲ್ಲೂ ಈ ಜಿಗಣೆಗಳು ಇರುತ್ತವೆ. ಉದ್ದ ಬಟ್ಟೆಯ ಉಂಬಳದ ಸಾಕ್ಸ್ ಹಾಕಿ, ಅದರ ಮೇಲೆ ನಶ್ಯ ಕಲಸಿದ ತೆಂಗಿನೆಣ್ಣೆ ಸವರಿ. ಕಚ್ಚಿದರೆ ಚಿಟಿಕೆ ಉಪ್ಪು ಸಾಕು, ಬಿದ್ದುಹೋಗುತ್ತದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಹೀರುವುದರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ. ತೊಳೆದು ಒತ್ತಿ ಹಿಡಿಯಿರಿ. ಕಿರುಚುವುದು ಐಚ್ಛಿಕ.

6. ಹತ್ತುವಾಗ

ಹೋಗಿ ಬರಲು ಸುಮಾರು 18ರಿಂದ 20 ಕಿ.ಮೀ., ಶಿಖರದ ಎತ್ತರ 1,894 ಮೀಟರ್. ತೊರೆ, ಶೋಲಾ ಕಾಡು (ಕಣಿವೆಯ ದಟ್ಟ ಕಾಡು), ಹುಲ್ಲುಗುಡ್ಡ, ಒಂಟಿಮರ, ಮತ್ತೆ ಏರು. ದಾರಿ ಸ್ಪಷ್ಟ, ಗೈಡ್ ಜೊತೆಗಿರುತ್ತಾರೆ. ಇಲ್ಲಿ ನನ್ನದು ಒಂದೇ ಮಾತು. ಜೋರಾಗಿ ನಡೆಯುವವರು ಮುಂದೆ ಹೋಗಿ ಕೂರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುವಾಗ ಇವರು ಎದ್ದು ‘ಬಲೆ ಬಲೆ’ (ತುಳುವಿನಲ್ಲಿ ‘ಬನ್ನಿ ಬನ್ನಿ’) ಎನ್ನುತ್ತಾರೆ. ಅಂದರೆ ಹೆಚ್ಚು ಸುಸ್ತಾದವರಿಗೆ ವಿಶ್ರಾಂತಿಯೇ ಇಲ್ಲ. ಕೊನೆಯವರು ಕೂತ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಎಣಿಸಿ.

7. ತಿರುಗುವ ಹೊತ್ತು

ಮಧ್ಯಾಹ್ನ ಹನ್ನೆರಡು. ತುದಿ ಇನ್ನೂ ಅರ್ಧ ಗಂಟೆ ಇದ್ದರೂ ಹನ್ನೆರಡಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ತುಳುವಿನ ಬೊಂತೆಲ್ ತಿಂಗಳಿನ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗು ಮಿಂಚು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆ ಬೋಳು ದಿಣ್ಣೆಯ ಮೇಲೆ ಮಿಂಚಿಗೆ ಸಿಗುವ ಎತ್ತರದ ವಸ್ತು ನೀವೇ.

ಒಮ್ಮೆ ನಾನೇ ಈ ಮಾತು ಮೀರಿದ್ದೆ. ಮೇಲೆ ಮಂಜು ಸರಿದು ಸಮುದ್ರ ಕಾಣುತ್ತದೆಂದು ಎರಡು ಗಂಟೆವರೆಗೆ ಕಾಯಿಸಿದೆ. ಸಮುದ್ರ ಕಾಣಲಿಲ್ಲ. ಮೊಬೈಲ್ ಟಾರ್ಚಿನಲ್ಲಿ ಹನ್ನೊಂದು ಜನರನ್ನು ತೊರೆ ದಾಟಿಸಿದ್ದು ಮಾತ್ರ ನೆನಪಿದೆ.

8. ಇಳಿಯುವುದು

ಹೊರಡುವ ಮೊದಲು ಎಲ್ಲರೂ ಕೂತು ಶೂ ಲೇಸ್ ಬಿಚ್ಚಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಕಾಲನ್ನು ಹಿಂದಕ್ಕೆ ಕೂರಿಸಿ, ಆಮೇಲೆ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಬೆರಳು ಮುಂದೆ ಅಲ್ಲಾಡುವಷ್ಟು ಜಾಗ ಇರಬೇಕು. ಇದನ್ನು ಬಿಟ್ಟವರ ಹೆಬ್ಬೆರಳು ಹತ್ತು ಕಿಲೋಮೀಟರ್ ಉದ್ದಕ್ಕೂ ಶೂವಿನ ಮೂತಿಗೆ ಗುದ್ದುತ್ತದೆ. ಉಗುರು ಕಪ್ಪಾಗಿ ಕ್ರಿಸ್ಮಸ್ ಹೊತ್ತಿಗೆ ಬೀಳುತ್ತದೆ.

ಜಾರುವ ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಜಾರುವುದು ಅದಕ್ಕೇ. ಭಾರ ಹಿಮ್ಮಡಿಯ ಅಂಚಿಗೆ ಹೋಗುತ್ತದೆ, ಹಿಡಿತ ತಪ್ಪುತ್ತದೆ, ಕುಂಡೆ ನೆಲಕ್ಕೆ. ಮಂಡಿ ಸ್ವಲ್ಪ ಬಗ್ಗಿಸಿ, ಮೈಯನ್ನು ಕಾಲಿನ ಮೇಲೇ ಇರಿಸಿ, ಗೇಣುದ್ದದ ಹೆಜ್ಜೆ ಹಾಕಿ. ತೀರಾ ಇಳಿಜಾರಿನಲ್ಲಿ ಪಾದ ಅಡ್ಡ ಇಡಿ. ಹುಲ್ಲು ಮಲಗಿದ ಕಡೆ ಎಣ್ಣೆ ಚೆಲ್ಲಿದ ಹಾಗಿರುತ್ತದೆ, ಅದರ ಮೇಲೆ ಕಾಲಿಡದೆ ಬುಡದಲ್ಲಿ ಇಡಿ. ಸಣ್ಣ ಕಲ್ಲುಗಳು ಹರಡಿದ ಕೆಂಪು ಮಣ್ಣು ಇನ್ನೂ ಮೋಸ. ಬೂದಿ ಬಣ್ಣದ ಒಣಬಂಡೆಯನ್ನು ನಂಬಬಹುದು. ಒದ್ದೆ ಕಪ್ಪು ಬಂಡೆಯನ್ನು ನಂಬಬೇಡಿ.

ಕೈ ಕೈ ಹಿಡಿದು ಸರಪಳಿ ಮಾಡುವುದು ನೋಡಲು ಚೆಂದ. ಒಬ್ಬ ಬಿದ್ದರೆ ನಾಲ್ವರು. ನಡುವೆ ಎರಡು ಮಾರು ಅಂತರ ಬಿಡಿ. ಕೋಲು ಮನೆಯಿಂದಲೇ ತನ್ನಿ, ಕಾಡಿನಲ್ಲಿ ಗೆಲ್ಲು ಮುರಿಯಬೇಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ತಿರುಗಿಸಿ ಬಿಗಿ ಮಾಡುವ ಕೋಲು ಮಾತ್ರ ಬೇಡವೇ ಬೇಡ. ಭಾರ ಹಾಕಿದ ಕೂಡಲೇ ಸರ್ರನೆ ತನ್ನೊಳಗೆ ತಾನೇ ಸೇರಿಕೊಳ್ಳುತ್ತದೆ, ಆ ಹೊತ್ತಿಗೆ ನಿಮ್ಮ ಮೈಭಾರ ಪೂರ್ತಿ ಅದರ ಮೇಲಿರುತ್ತದೆ. ಅದಕ್ಕಿಂತ ಒಂದು ಬಿದಿರಿನ ಕೋಲು ಎಷ್ಟೋ ಮೇಲು.

ಸಾಲಿನಲ್ಲಿ ಎಲ್ಲರಿಗಿಂತ ನಿಧಾನದವರು ಮೊದಲು. ಗಟ್ಟಿ ಕಾಲಿನವರು ಕೊನೆಗೆ, ಟಾರ್ಚು ಮತ್ತು ಔಷಧಿ ಚೀಲದ ಸಮೇತ. ಬೇಗ ಇಳಿಯಬಲ್ಲವರಿಗೆ ಇದು ಶಿಕ್ಷೆಯಂತೆ ಅನಿಸುತ್ತದೆ. ‘ನಾಳೆ ಆಫೀಸುಂಟು ಮಾರಾಯ್ರೆ, ಇವತ್ತೇ ಮಂಗಳೂರು ಮುಟ್ಟಬೇಕು’ ಎನ್ನುತ್ತಾರೆ. ಸೋಮವಾರಕ್ಕೊಂದು ರಜೆ ಹಾಕಿಯೇ ಬರಬೇಕೆಂದು ಮೊದಲ ದಿನವೇ ಹೇಳಿಬಿಡಿ. ಕಾಲು ಉಳುಕಿದವರಲ್ಲಿ ಹೆಚ್ಚಿನವರು ಕೊನೆಯ ಒಂದು ಗಂಟೆಯಲ್ಲಿ, ಸಮತಟ್ಟು ದಾರಿಯಲ್ಲಿ, ಇನ್ನೇನು ಜೀಪು ಸಿಕ್ಕಿತು ಎಂದು ಓಡಿದವರೇ. ಅಲ್ಲಿ ಮಾತ್ರ ನಾನು ಬಾಯಿಬಿಟ್ಟು ಕೂಗುತ್ತೇನೆ: ‘ಮೆಲ್ಲ ಪೋಲೆ!’ (ಮೆಲ್ಲಗೆ ಹೋಗಿ!)

9. ಮುಳ್ಳೋಡಿಗೆ ಬಂದ ಮೇಲೆ

ಜೀಪು ಹತ್ತುವ ಮೊದಲು ಸಾಕ್ಸ್ ಮಗುಚಿ ಕೊಡವಿ, ಸೊಂಟಪಟ್ಟಿಯ ಹತ್ತಿರ ಕೈಯಾಡಿಸಿ ನೋಡಿ. ದಪ್ಪ ಉಂಬಳ ಸಿಗುವುದು ಅಲ್ಲೇ.

ಮನೆಗೆ ಬಂದು ಶೂ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ಎರಡು ದಿನಕ್ಕೊಮ್ಮೆ ಬದಲಿಸಿ. ಈ ಪುರವಣಿಯೂ ಆಗುತ್ತದೆ.