ಸೋಲುತ್ತಿರುವ ಅಭ್ಯರ್ಥಿ ಪ್ರೈಮರಿ ಕಣ ಬಿಡದಿರುವುದೇಕೆ? ಲೆಕ್ಕ ಹಾಕುವ ಬಗೆ

ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಅಮೆರಿಕದ ರಾಜ್ಯಗಳಲ್ಲಿ ನಡೆಯುವ ಪ್ರೈಮರಿ ಚುನಾವಣೆಗಳಲ್ಲಿ ಮೇಲಿಂದ ಮೇಲೆ ಸೋಲುವವರನ್ನು ಹಟಮಾರಿ ಎನ್ನುವ ಮೊದಲು ಡೆಲಿಗೇಟ್‌ಗಳ, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಂತಿಮಗೊಳಿಸಲು ಮತ ಹಾಕುವ ಪ್ರತಿನಿಧಿಗಳ, ಪಟ್ಟಿ ಎದುರಿಗಿಟ್ಟುಕೊಳ್ಳಿ. ಗೆದ್ದ ರಾಜ್ಯಗಳ ಎಣಿಕೆ ದಾರಿ ತಪ್ಪಿಸುತ್ತದೆ. ಬೇಕಾದದ್ದು ಇಬ್ಬರ ನಡುವಿನ ಅಂತರ, ಇನ್ನೂ ಹಂಚಿಕೆಯಾಗಬೇಕಾದ ಡೆಲಿಗೇಟ್‌ಗಳು ಮತ್ತು ಬಹುಮತದ ಸಂಖ್ಯೆ.

ಉಳಿದ ಡೆಲಿಗೇಟ್‌ಗಳಿಗೆ ಅಂತರವನ್ನು ಕೂಡಿಸಿ ಅರ್ಧ ಮಾಡಿ. 300 ಹಿಂದಿದ್ದು 1,000 ಉಳಿದಿದ್ದರೆ, ಬರೀ ಸಮನಾಗಲು 650 ಬೇಕು, ಅಂದರೆ ಶೇ 65. ಡೆಮಾಕ್ರಟಿಕ್ ಪಕ್ಷದಲ್ಲಿ ಇದು ಬಲು ಕಷ್ಟ. ಅಲ್ಲಿ ಶೇ 15 ಮತ ಮುಟ್ಟಿದವರಿಗೆಲ್ಲ ಮತಪ್ರಮಾಣಕ್ಕೆ ತಕ್ಕ ಪಾಲು ಸಿಗುತ್ತದೆ. 100 ಡೆಲಿಗೇಟ್‌ಗಳ ರಾಜ್ಯವನ್ನು 52–48ರಲ್ಲಿ ಗೆದ್ದರೆ ಅಂತರ ಇಳಿಯುವುದು ಸುಮಾರು 4 ಮಾತ್ರ. ರಿಪಬ್ಲಿಕನ್ನರ ಕೆಲವು ರಾಜ್ಯಗಳು ಗೆದ್ದವರಿಗೇ ಎಲ್ಲವನ್ನೂ ಕೊಡುತ್ತವೆ. 2016ರಲ್ಲಿ ಓಹಿಯೊದ 66 ಡೆಲಿಗೇಟ್‌ಗಳೂ ಜಾನ್ ಕೇಸಿಕ್ ಪಾಲಾದವು. ಒಂದು ಪಕ್ಷದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಗೆಲುವು ಅಸಾಧ್ಯ ಎಂದು ಬಂದರೆ, ಮುಂದಿರುವವರಿಗೆ ಬಹುಮತ ತಪ್ಪಿಸಬಹುದೇ ಎಂದು ನೋಡಿ. ಕೇಸಿಕ್ ಗೆದ್ದದ್ದು ಓಹಿಯೊ ಒಂದನ್ನೇ. ಬಹುಮತಕ್ಕೆ ಬೇಕಾದ 1,237ರ ದಾರಿ ಮುಚ್ಚಿದ ಮೇಲೂ ಅವರು ಉಳಿದರು, ಏಕೆಂದರೆ ಮುಂದಿದ್ದ ಟ್ರಂಪ್ ಆ ಗೆರೆ ಮುಟ್ಟದಿದ್ದರೆ ಸಮಾವೇಶದ ನಂತರದ ಸುತ್ತುಗಳಲ್ಲಿ ಬಹಳಷ್ಟು ಡೆಲಿಗೇಟ್‌ಗಳು ತಮಗಿಷ್ಟ ಬಂದವರಿಗೆ ಮತ ಹಾಕಬಹುದಿತ್ತು. ಇಂಡಿಯಾನಾದಲ್ಲಿ ಸೋತ ಇನ್ನೊಬ್ಬ ಪ್ರತಿಸ್ಪರ್ಧಿ ಟೆಡ್ ಕ್ರೂಸ್ ಮೇ 3ರಂದು ಸರಿದಾಗ ಟ್ರಂಪ್‌ರನ್ನು ತಡೆಯುವ ಲೆಕ್ಕವೇ ಕುಸಿಯಿತು. ಮರುದಿನ ಕೇಸಿಕ್ ಕೂಡ ಹೊರಬಂದರು.

ತಡೆಯಲೂ ಆಗದಿದ್ದರೆ ಉಳಿಯುವುದು ಚೌಕಾಸಿ. ಸುದ್ದಿವಾಹಿನಿಗಳು ಕಡೆಗಣಿಸುವುದು ಇದನ್ನೇ, ಹೆಚ್ಚು ಫಲ ಕೊಡುವುದೂ ಇದೇ. 2016ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಬಹುಮತ ಮುಟ್ಟಿದ್ದರೂ ಎದುರಾಳಿ ಬರ್ನಿ ಸ್ಯಾಂಡರ್ಸ್ ಅವರಿಗೆ ಬೆಂಬಲ ಘೋಷಿಸಿದ್ದು ಜುಲೈ 12ರಂದು. ಅಷ್ಟರಲ್ಲಿ ಪ್ರಣಾಳಿಕೆಯ ಕರಡು ಸಮಿತಿಯ 15 ಸ್ಥಾನಗಳಲ್ಲಿ 5 ಅವರ ಕಡೆಯವರಿಗೆ ಸಿಕ್ಕಿದ್ದವು, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಬೇಡಿಕೆ ಪ್ರಣಾಳಿಕೆ ಸೇರಿತ್ತು. ಪಕ್ಷದ ಮುಖಂಡರಾದ ಸೂಪರ್‌ಡೆಲಿಗೇಟ್‌ಗಳು ಪೈಪೋಟಿಯಿರುವ ಸಮಾವೇಶದ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಎಂಬ ನಿಯಮ 2018ರಲ್ಲಿ ಬಂದದ್ದೂ ಆ ಹೋರಾಟದ ಫಲವೇ.

ಸೋಲಿನ ಸರಣಿ ನೋಡಿ ಬೇಗ ತೀರ್ಪು ಕೊಡಬೇಡಿ. 1976ರಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಅಂದಿನ ಅಧ್ಯಕ್ಷ ಫೋರ್ಡ್ ಎದುರು ನ್ಯೂ ಹ್ಯಾಂಪ್‌ಶೈರ್, ಫ್ಲಾರಿಡಾ, ಇಲಿನಾಯ್‌ಗಳಲ್ಲಿ ಸೋತು, ಮಾರ್ಚ್ 23ರಂದು ನಾರ್ತ್ ಕ್ಯಾರೊಲೈನಾ ಗೆದ್ದರು. ಸಮಾವೇಶದಲ್ಲಿ ಫೋರ್ಡ್‌ಗೆ 1,187, ಅವರಿಗೆ 1,070 ಮತ. ನಾಲ್ಕು ವರ್ಷಗಳ ಬಳಿಕ ಪಕ್ಷದ ಅಭ್ಯರ್ಥಿ ಅವರೇ.

ಆದರೆ ಹಣ ಮುಗಿದರೆ ಇವೆಲ್ಲ ನಿಲ್ಲುತ್ತವೆ. ಪ್ರಚಾರ ಸಮಿತಿಗಳು ತಿಂಗಳ 20ರೊಳಗೆ ಚುನಾವಣಾ ಆಯೋಗಕ್ಕೆ ಕೊಡುವ ವರದಿಯಲ್ಲಿ ಕೈಯಲ್ಲಿರುವ ನಗದು ಮತ್ತು ಸಾಲ, ಎರಡನ್ನೂ ಒಟ್ಟಿಗೆ ಓದಿ. ಅದು ಹಿಂದಿನ ತಿಂಗಳ ಚಿತ್ರ ಎಂಬುದು ನೆನಪಿರಲಿ.

ಹೊರಬಂದವರು ‘ಪ್ರಚಾರ ಸ್ಥಗಿತ’ ಎಂದರೋ, ‘ಹಿಂದೆ ಸರಿದೆ’ ಎಂದರೋ ಗಮನಿಸಿ. ಪ್ರಚಾರ ನಿಲ್ಲಿಸಿದ ಮಾತ್ರಕ್ಕೆ ಡೆಲಿಗೇಟ್‌ಗಳ ಲೆಕ್ಕ ಮುಗಿದಿರಬೇಕಿಲ್ಲ. 2020ರ ಏಪ್ರಿಲ್ 8ರಂದು ಪ್ರಚಾರ ನಿಲ್ಲಿಸಿದ ಸ್ಯಾಂಡರ್ಸ್, ಉಳಿದ ರಾಜ್ಯಗಳ ಮತಪತ್ರದಲ್ಲಿ ತಮ್ಮ ಹೆಸರು ಇರುತ್ತದೆ, ಡೆಲಿಗೇಟ್‌ಗಳನ್ನು ಗಳಿಸುತ್ತೇನೆ ಎಂದು ಅದೇ ದಿನ ಹೇಳಿದ್ದರು.