ಹೆಬ್ಬೆಟ್ಟಿಟ್ಟು ರೊಕ್ಕ ತೆಗೆಯುವುದು ಹೇಗೆ? ಎಟಿಎಂ ದೂರವಿರುವ ಊರುಗಳಿಗೆ ಒಂದು ಕೈಪಿಡಿ

ಚಿಂಚೋಳಿ, ಔರಾದ, ಹುಣಸಗಿ ಕಡೆಯ ಹಳ್ಳಿಗಳಲ್ಲೂ ಈಗ ಚಹಾದಂಗಡಿಯ ಗೋಡೆಗೆ ಕ್ಯೂಆರ್ ಕೋಡ್ ಅಂಟಿದೆ. ಆದರೆ ತೊಗರಿ ಕೊಯ್ದ ಆಳುಗಳಿಗೆ ಸಂಜೆ ಕೂಲಿ ಎಣಿಸುವಾಗ, ಸಂತೆಯಲ್ಲಿ ಸೊಪ್ಪಿನ ಬುಟ್ಟಿ ಮುಂದೆ ಕೂತಾಗ, ಟಂಟಂ ಇಳಿಯುವಾಗ ನೋಟೇ ಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ, ವೃದ್ಧಾಪ್ಯ ವೇತನ, ಪಿಎಂ ಕಿಸಾನ್ ಕಂತು ಎಲ್ಲವೂ ಖಾತೆಗೆ ಬೀಳುತ್ತವೆ. ಅಲ್ಲಿಂದ ಕೈಗೆ ಬರಬೇಕಾದರೆ ಹೆಚ್ಚಿನವರಿಗೆ ಇರುವ ದಾರಿ ಊರಿನ ಬ್ಯಾಂಕ್ ಮಿತ್ರ ಅಥವಾ ಸೇವಾ ಕೇಂದ್ರದ ಹೆಬ್ಬೆಟ್ಟಿನ ಮಷಿನ್.

ರೊಕ್ಕ ಯಾವ ಬ್ಯಾಂಕಿನಲ್ಲಿದೆ?

ಅರ್ಧ ಗೊಂದಲ ಇಲ್ಲೇ ಶುರು. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಸರ್ಕಾರದ ದುಡ್ಡು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು.

ಪಾಸ್‌ಬುಕ್ಕಿನ ಮೇಲಿನ ಹೆಸರನ್ನೂ ನಂಬುವಂತಿಲ್ಲ. ಹಿರಿಯರು ಇಂದಿಗೂ ‘ಎಸ್‌ಬಿಎಚ್’ ಎನ್ನುವ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ಕೃಷ್ಣಾ ಗ್ರಾಮೀಣ ಬ್ಯಾಂಕು ಮುಂದೆ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕಾವೇರಿ ಗ್ರಾಮೀಣದ ಜೊತೆ ಒಂದಾಯಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಒಂದೇ ಹೆಸರಿನಡಿ ಬಂತು. ಮಷಿನ್ ನಡೆಸುವವರು ಪಟ್ಟಿಯಲ್ಲಿ ಈಗಿನ ಹೆಸರನ್ನೇ ಆರಿಸಬೇಕು. ಬೇರೆ ಬ್ಯಾಂಕ್ ಆರಿಸಿದರೆ ‘ಖಾತೆ ಇಲ್ಲ’ ಎಂದು ಬರುತ್ತದೆ, ಅಜ್ಜಿ ‘ನನ್ನ ರೊಕ್ಕ ಹೋಯ್ತು’ ಎಂದು ಅಳುತ್ತ ಮನೆಗೆ ಹೋಗುತ್ತಾಳೆ.

ಹೆಬ್ಬೆಟ್ಟಿಡುವ ಕ್ರಮ

ಈ ವ್ಯವಸ್ಥೆಗೆ ಬೇಕಾದುದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಕಾರ್ಡ್ ಬೇಡ, ಪಿನ್ ಬೇಡ. ಅನುಕೂಲವೂ ಅದೇ, ಅಪಾಯವೂ ಅದೇ. ಬ್ಯಾಲೆನ್ಸ್ ನೋಡಲು ಇಟ್ಟ ಹೆಬ್ಬೆಟ್ಟಿಗೂ ರೊಕ್ಕ ತೆಗೆಯಲು ಇಟ್ಟ ಹೆಬ್ಬೆಟ್ಟಿಗೂ ಬೆರಳಿನ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ. ಯಾವುದಕ್ಕೆ ಇಡುತ್ತಿದ್ದೀರಿ ಎಂಬುದು ತೆರೆಯ ಮೇಲಷ್ಟೇ ಇರುತ್ತದೆ.

ಆದ್ದರಿಂದ ಮೊದಲು ಬ್ಯಾಲೆನ್ಸ್ ಮಾತ್ರ ಕೇಳಿ. ಚೀಟಿ ತೆಗೆಸಿ, ಮೊತ್ತ ಓದಿ, ಅಥವಾ ಓದಬಲ್ಲ ಮಗ ಮಗಳಿಗೆ ತೋರಿಸಿ. ಆಮೇಲೆ ಎಷ್ಟು ಬೇಕೆಂದು ಗಟ್ಟಿಯಾಗಿ ಹೇಳಿ. ಮೊತ್ತ ಒತ್ತಿದ ಮೇಲೆ ತೆರೆಯನ್ನು ನಿಮ್ಮ ಕಡೆ ತಿರುಗಿಸಿಕೊಂಡು ನೋಡಿ, ಅನಂತರವೇ ಬೆರಳಿಡಿ. ಒಂದು ಸಲಕ್ಕೆ 10,000 ರೂಪಾಯಿಯೇ ಮಿತಿ. ದಿನಕ್ಕೆ ಎಷ್ಟು ಸಲ ಎಂಬುದನ್ನು ನಿಮ್ಮ ಬ್ಯಾಂಕ್ ನಿಗದಿ ಮಾಡಿರುತ್ತದೆ. ನೋಟು ಎಣಿಸಿ, ಚೀಟಿ ಪಡೆದು, ಅದರಲ್ಲಿರುವ ಉಳಿಕೆಯನ್ನು ಮೊದಲಿನ ಚೀಟಿಯ ಜೊತೆ ತಾಳೆ ಹಾಕಿದರೆ ಕೆಲಸ ಮುಗಿಯಿತು. ಎರಡೂ ಚೀಟಿ ಪಾಸ್‌ಬುಕ್ಕಿನೊಳಗೆ ಇರಲಿ. ಬಿಸಿಲಿಗೆ ಆ ಕಾಗದದ ಅಕ್ಷರ ಅಳಿಸಿಹೋಗುತ್ತವೆ, ಬೇಕಾದರೆ ಫೋಟೊ ಹೊಡೆದಿಡಿ.

ಮೋಸ ನಡೆಯುವುದು ಹೆಚ್ಚಾಗಿ ಒಂದು ಮಾತಿನಿಂದ: ‘ಬಟ್ಟು ಹತ್ತವಲ್ದುರಿ ಅಮ್ಮಾ, ಇನ್ನೊಂದ್ಸಲ ಇಡ್ರಿ.’ ಬಹಳ ಸಲ ಅದು ನಿಜವೇ ಇರುತ್ತದೆ. ಕೆಲವು ಸಲ ಮೊದಲ ಹೆಬ್ಬೆಟ್ಟಿಗೇ ರೊಕ್ಕ ಕಡಿತವಾಗಿ, ಎರಡನೆಯದು ಇನ್ನೊಂದು ಕಡಿತವಾಗಿರುತ್ತದೆ. ಎರಡನೇ ಸಲ ಬೆರಳಿಡುವ ಮುಂಚೆ ‘ಫೇಲ್’ ಆದ ಚೀಟಿ ಕೇಳಿ. ಚೀಟಿ ಬರಲಿಲ್ಲವೆಂದರೆ ಬ್ಯಾಲೆನ್ಸ್ ನೋಡಿಸಿ.

ಇನ್ನು ‘ಸಾವಿರಕ್ಕೆ ಹತ್ತು’ ಎಂಬ ಕಮಿಷನ್. ಬ್ಯಾಂಕಿನ ಪರವಾಗಿ ಸೇವೆ ಕೊಡುವ ಬ್ಯಾಂಕ್ ಮಿತ್ರ ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯುವಂತಿಲ್ಲ ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕು ಅವರಿಗೆ ಕೊಡುವ ಕಮಿಷನ್ ಸಣ್ಣದು, ಪೆಟ್ರೋಲ್ ಹಾಕಿಕೊಂಡು ಪಟ್ಟಣದಿಂದ ನಗದು ತರುವ ಖರ್ಚು ಅವರದೇ. ಹತ್ತು ರೂಪಾಯಿ ಕೇಳುವ ಹಿಂದೆ ಈ ಲೆಕ್ಕವೂ ಇದೆ. ಆದರೂ ಆ ಹೊರೆ ಪಿಂಚಣಿಯ ಅಜ್ಜಿಯ ಮೇಲೆ ಬೀಳಬಾರದು. ರಸೀದಿ ಇಲ್ಲದ ಶುಲ್ಕವನ್ನು ಧಾರಾಳವಾಗಿ ಪ್ರಶ್ನಿಸಿ.

ಕೇಂದ್ರದಲ್ಲಿ ‘ಕ್ಯಾಶ್ ಇಲ್ಲ’ ಎನ್ನುವುದಕ್ಕೂ ಕಾರಣ ಇದೆ. ನೀವು ಹೆಬ್ಬೆಟ್ಟಿಟ್ಟಾಗ ರೊಕ್ಕ ಅವರ ಖಾತೆಗೆ ಹೋಗುತ್ತದೆ, ನಿಮಗೆ ಕೊಡುವುದು ಅವರ ಗಲ್ಲಾಪೆಟ್ಟಿಗೆಯ ನೋಟು. ಗೃಹಲಕ್ಷ್ಮಿ ಬಿದ್ದ ದಿನ ಹತ್ತು ಗಂಟೆಗೇ ಪೆಟ್ಟಿಗೆ ಬರಿದಾಗುತ್ತದೆ. ಕಿರಾಣಿಯವರು, ಹಾಲಿನವರು ಅಲ್ಲಿಯೇ ಜಮಾ ಮಾಡುತ್ತಾರಾದರೆ ಅವರು ಬಂದುಹೋದ ಮೇಲೆ ಹೋಗಿ. ನೋಟೂ ಸಿಗುತ್ತದೆ, ನೂರರ ಚಿಲ್ಲರೆಯೂ ಸಿಗುತ್ತದೆ.

ಬೆರಳು ಹತ್ತದಿದ್ದರೆ

ಶಹಾಬಾದದ ಕಲ್ಲು ಕೆಲಸದವರು, ಹತ್ತಿ ಬಿಡಿಸುವವರು, ಸುಣ್ಣ ಸಿಮೆಂಟು ಮುಟ್ಟುವವರ ಬೆರಳಿನ ಗೆರೆ ಸವೆದಿರುತ್ತದೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ; ಕೆಲಸದಲ್ಲಿ ಕಡಿಮೆ ಸವೆದ ಎಡಗೈಯ ಉಂಗುರ ಬೆರಳು, ಕಿರುಬೆರಳು ಹಚ್ಚಿ ನೋಡಿ. ಬೆರಳು ಒಣಗಿ ಬಿರುಕು ಬಿಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆವರಿದ್ದರೆ ಒಣಗಿಸಿ. ಮಷಿನ್ನಿನ ಗಾಜನ್ನೂ ಒರೆಸಲು ಹೇಳಿ. ಯಾವ ಬೆರಳೂ ಹತ್ತದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಮೊಬೈಲಿನಲ್ಲಿ ಯಾರೋ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೂ ಇದೇ ಪರದಾಟ. ಆಗ ಎಂಆಧಾರ್ ಆ್ಯಪಿನಲ್ಲಿ ತಾತ್ಕಾಲಿಕವಾಗಿ ತೆರೆಯಬಹುದು. ಹೆಬ್ಬೆಟ್ಟಿನ ಮಷಿನ್ ಅಪರೂಪಕ್ಕೆ ಬಳಸುವವರು ಉಳಿದ ಹೊತ್ತಿನಲ್ಲಿ ಲಾಕ್ ಇಟ್ಟಿರುವುದೇ ಒಳ್ಳೆಯದು.

ಖಾತೆಯಲ್ಲಿ ಕಡಿತ, ಕೈಯಲ್ಲಿ ಸೊನ್ನೆ

ನೆಟ್‌ವರ್ಕ್ ಕಡಿದು ‘ಟೈಮ್ ಔಟ್’ ಬಂದರೆ ಕೂಡಲೇ ಮತ್ತೆ ಯತ್ನಿಸಬೇಡಿ, ಮೊದಲು ಬ್ಯಾಲೆನ್ಸ್ ನೋಡಿ. ರೊಕ್ಕ ಕಡಿತವಾಗಿದ್ದರೆ ಚೀಟಿಯಲ್ಲಿರುವ, ಆ ವ್ಯವಹಾರವನ್ನು ಗುರುತಿಸುವ 12 ಅಂಕಿಯ ಆರ್‌ಆರ್‌ಎನ್ ಸಂಖ್ಯೆಯೇ ನಿಮ್ಮ ಪುರಾವೆ. ಎಟಿಎಂ ಇರಲಿ, ಹೆಬ್ಬೆಟ್ಟಿನ ಮಷಿನ್ ಇರಲಿ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ರೊಕ್ಕ ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಲೆಕ್ಕ ಇದು. ದೂರು ಕೊಡಬೇಕಾದುದು ನಿಮ್ಮ ಖಾತೆ ಇರುವ ಬ್ಯಾಂಕಿಗೆ, ಎಟಿಎಂ ಯಾರದೇ ಆಗಿರಲಿ. ಬಾಯಿಮಾತು ಸಾಲದು, ಅರ್ಜಿ ಕೊಟ್ಟು ನಕಲಿನ ಮೇಲೆ ದಿನಾಂಕದ ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ನೀವು ತೆಗೆಯದೇ ರೊಕ್ಕ ಹೋಗಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ.

ಪಟ್ಟಣಕ್ಕೆ ಹೋದ ದಿನ

ಕಲಬುರಗಿ, ಬೀದರ, ಯಾದಗಿರಿಯಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ 5 ಸಲ ಉಚಿತ. ಬ್ಯಾಲೆನ್ಸ್ ನೋಡಿದ್ದೂ ಅದರಲ್ಲಿ ಎಣಿಕೆಯಾಗುತ್ತದೆ. ಹೈದರಾಬಾದಿಗೆ ದುಡಿಯಲು ಹೋದವರಿಗೆ ಅಲ್ಲಿ 3 ಸಲವಷ್ಟೇ, ಅದು ಮಹಾನಗರ. ಮಿತಿ ದಾಟಿದರೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಮತ್ತು ತೆರಿಗೆ. ಜನಧನದಂಥ ಮೂಲ ಉಳಿತಾಯ ಖಾತೆಯಲ್ಲಿ ತಿಂಗಳಿಗೆ ಕನಿಷ್ಠ 4 ಸಲ ಉಚಿತವಾಗಿ ತೆಗೆಯಬಹುದು.

ಕೂಲಿ ಹಂಚಲು ಸಣ್ಣ ನೋಟು ಬೇಕಾದರೆ 5,000 ಒತ್ತದೆ 4,900 ಒತ್ತಿ. ಕೊನೆಯ 400 ರೂಪಾಯಿಯನ್ನು ಮಷಿನ್ ನೂರು, ಇನ್ನೂರರಲ್ಲೇ ಕೊಡಬೇಕು. ತೊಗರಿ ರಾಶಿಯ ಹೊತ್ತಿಗೆ ಇದಕ್ಕಿಂತ ಹೆಚ್ಚು ಚಿಲ್ಲರೆ ಬೇಕಾದರೆ ಹಿಂದಿನ ದಿನವೇ ಶಾಖೆಯ ಕ್ಯಾಶಿಯರ್‌ಗೆ ಹೇಳಿಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಎಂಬುದು ನೆನಪಿರಲಿ.

ಅಂಗಡಿಯವರಿಗೆ ಫೋನ್‌ಪೇ ಮಾಡಿ ನಗದು ಪಡೆಯುವುದು ಎಲ್ಲೆಡೆ ನಡೆದಿದೆ. ಪರಿಚಯದವರ ನಡುವೆ ಸರಿ. ಆದರೆ ಅಪರಿಚಿತರಿಗೆ ಹೀಗೆ ಕೊಡುವ ಅಂಗಡಿಯವರು ಎಚ್ಚರವಾಗಿರಬೇಕು: ಬಂದ ದುಡ್ಡು ಸೈಬರ್ ವಂಚನೆಯದಾಗಿದ್ದರೆ ಅವರ ಖಾತೆಯೇ ತಡೆಹಿಡಿಯಲ್ಪಡುತ್ತದೆ. ಜೊತೆಗೆ ಅದೆಲ್ಲ ಮಾರಾಟದಂತೆ ಕಾಣುತ್ತದೆ. 2025ರಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ಯುಪಿಐ ಜಮಾ ನೋಡಿಯೇ.

ಹರಿದ ನೋಟು, ಬೇಡವಾದ ನಾಣ್ಯ

ಹತ್ತರ ನಾಣ್ಯವನ್ನು ನಮ್ಮ ಕಡೆ ಅನೇಕರು ಮುಟ್ಟುವುದಿಲ್ಲ. ರೂಪಾಯಿ ಚಿಹ್ನೆ ಇದ್ದದ್ದೂ ಇಲ್ಲದ್ದೂ ಚಲಾವಣೆಯವೇ. 2018ರಲ್ಲೇ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳನ್ನು ಪಟ್ಟಿ ಮಾಡಿ ಹೇಳಿದೆ. ವ್ಯಾಪಾರಿ ಒಪ್ಪದಿದ್ದರೆ ಶಾಖೆಯಲ್ಲಿ ಜಮಾ ಮಾಡಿ.

ಹರಿದ ನೋಟನ್ನು ಸಂತೆಯ ದಲ್ಲಾಳಿಗೆ ಅರ್ಧ ಬೆಲೆಗೆ ಕೊಡಬೇಡಿ, ಬ್ಯಾಂಕಿಗೆ ಒಯ್ಯಿರಿ. 20 ರೂಪಾಯಿವರೆಗಿನ ನೋಟಿನ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ. 50 ಮತ್ತು ಮೇಲಿನವಕ್ಕೆ ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ, ಶೇ 40ರಿಂದ 80 ಇದ್ದರೆ ಅರ್ಧ.

ಸಂದೂಕದ ಸೀರೆ ಮಡಿಕೆಯಲ್ಲಿ 2,000ದ ನೋಟು ಸಿಕ್ಕರೆ ಅದನ್ನೂ ಬಿಸಾಡಬೇಡಿ. ಬ್ಯಾಂಕುಗಳು ಪಡೆಯುವುದು 2023ರ ಅಕ್ಟೋಬರ್ 7ಕ್ಕೇ ನಿಂತಿತು. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಅಂಚೆಯಲ್ಲಿ ಕಳಿಸಿ ಖಾತೆಗೆ ಜಮಾ ಮಾಡಿಸುವ ದಾರಿಯನ್ನು ಅಂಚೆ ಕಚೇರಿಯಲ್ಲಿ ವಿಚಾರಿಸಿ.