ಶೆಡ್ಡಿನಲ್ಲಿ ನಿಂತ ಮಾರುತಿ 800: ಮತ್ತೆ ರಸ್ತೆಗೆ ತರುವುದು ಹೇಗೆ?

ಕಲಬುರಗಿ ಜಿಲ್ಲೆಯ ಯಾವ ಊರಿಗೆ ಹೋದರೂ ಇಂಥದೊಂದು ಕಾರು ಕಣ್ಣಿಗೆ ಬೀಳುತ್ತದೆ. ತಗಡಿನ ಶೆಡ್ಡು, ಪಕ್ಕದಲ್ಲಿ ತೊಗರಿ ಚೀಲಗಳು, ನಡುವೆ ನಾಲ್ಕೂ ಟೈರ್ ಕೂತು ಧೂಳು ಹಿಡಿದ ಮಾರುತಿ 800. ಮಾಲೀಕರು ತೀರಿಕೊಂಡಿರುತ್ತಾರೆ, ಇಲ್ಲವೇ ಮಕ್ಕಳು ಹೊಸ ಗಾಡಿ ತಂದಿರುತ್ತಾರೆ. ಈ ಕಾರು ಗುಜರಿಗೆ ಹೋಗುವ ಮೊದಲು ಒಂದು ಅವಕಾಶ ಕೊಡಿ ಎಂದು ಕೇಳುವುದಕ್ಕೇ ಈ ಲೇಖನ. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಗಾಡಿ ಇದು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ತೀರಾ ಸರಳ. ಸಾಮಾನು ಇನ್ನೂ ಸಿಗುತ್ತದೆ. ಇದರ ಒಳಹೊರಗು ಬಲ್ಲ ಮಿಸ್ತ್ರಿಗಳೂ ಇದ್ದಾರೆ.

ವರ್ಷಗಟ್ಟಲೆ ನಿಂತ ಕಾರಿಗೆ ದೊಡ್ಡ ಪೆಟ್ಟು ಬೀಳುವುದು ಬಹಳ ಸಲ ಅದನ್ನು ಎಬ್ಬಿಸುವ ಮೊದಲ ದಿನ. ಹೊಸ ಬ್ಯಾಟರಿ ತಂದು ಜೋಡಿಸುತ್ತಾರೆ. ‘ಚಾಲೂ ಆಗ್ತದೇನು ನೋಡೋಣ’ ಎಂದು ಸೆಲ್ಫ್ ಹೊಡೆಯುತ್ತಾರೆ. ಒಣಗಿದ ಸಿಲಿಂಡರಿನಲ್ಲಿ ಗೀರು ಬೀಳುತ್ತದೆ, ಇಲಿ ಕಡಿದ ವೈರ್ ಶಾರ್ಟ್ ಆಗುತ್ತದೆ, ಟ್ಯಾಂಕಿನ ತುಕ್ಕು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿಗೆ ಹೋಗಿ ಕೂರುತ್ತದೆ. ಅಲ್ಲಿವರೆಗೆ ಸಣ್ಣದಾಗಿದ್ದ ಖರ್ಚು ಆ ಒಂದು ನಿಮಿಷದಲ್ಲಿ ದೊಡ್ಡದಾಗುತ್ತದೆ. ಅದಕ್ಕೇ ಈ ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ಕೀ ತಿರುಗಿಸುವ ಸರದಿ ಕೊನೆಗೆ ಬರುತ್ತದೆ.

ಕಾಗದಪತ್ರ ನೋಡಿ

ಪಾನಾ (ಸ್ಪ್ಯಾನರ್) ಹಿಡಿಯುವ ಮುಂಚೆ ಆರ್‌ಸಿ, ಅಂದರೆ ನೋಂದಣಿ ಪತ್ರ ಹಿಡಿಯಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಿದ್ದಾರೆ. ಹಸಿರು ತೆರಿಗೆ, ವಿಮೆ ಬೇರೆ. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ನಮ್ಮದು ಗಡಿ ಭಾಗ. ಸೊಲ್ಲಾಪುರ, ಲಾತೂರು, ಜಹೀರಾಬಾದ್ ಕಡೆಯ ಹಳೆಯ ಗಾಡಿಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಅಂಥ ಕಾರಾದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28 ಇರಲೇಬೇಕು. ಇಲ್ಲಿ ಮತ್ತೆ ತೆರಿಗೆ ಕಟ್ಟಿ ಕೆಎ ನಂಬರ್ ಪಡೆಯಬೇಕು. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30, ಮಾಲೀಕರು ತೀರಿಕೊಂಡಿದ್ದರೆ ಫಾರ್ಮ್ 31, ಹಳೆಯ ಬ್ಯಾಂಕ್ ಸಾಲದ ನಮೂದು ತೆಗೆಸಲು ಫಾರ್ಮ್ 35. ಚಾಸಿಸ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಆ ಕಾರನ್ನು ಮುಟ್ಟಬೇಡಿ.

ತಗಡು ಗಟ್ಟಿ ಇದೆಯೇ?

ಎಂಜಿನ್ ಕೆಟ್ಟಿದ್ದರೆ ಕಟ್ಟಿಸಬಹುದು. ತಗಡು ಕರಗಿದ್ದರೆ ಕಷ್ಟ. ಮ್ಯಾಟ್ ಎತ್ತಿ ನೆಲ ನೋಡಿ, ಬ್ಯಾಟರಿ ಕೂರುವ ತಟ್ಟೆ ನೋಡಿ, ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಬಣ್ಣದ ಮೇಲೆ ಅಯಸ್ಕಾಂತ ಇಡಿ. ಅಂಟದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ನೆಲದ ತೂತಿಗೆ ತಗಡಿನ ಕೆಲಸ ಮಾಡುವ ಟಿಂಕರ್ ಹತ್ತಿರ ಮದ್ದಿದೆ. ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ಭಾಗ ಬಂದು ಕೂರುವ ಜಾಗವೇ ತುಕ್ಕು ತಿಂದಿದ್ದರೆ ಮಾತ್ರ ಕೈಬಿಡುವುದು ಒಳ್ಳೆಯದು. ಸಾಮಾನಿಗಾಗಿ ಆ ಕಾರನ್ನು ಇಟ್ಟುಕೊಳ್ಳಬಹುದು.

ಬಾನೆಟ್ ಒಳಗೆ, ಸೀಟಿನ ಕೆಳಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು, ಕೋಲಿನಿಂದ ತಟ್ಟಿ. ನಮ್ಮ ಕಡೆ ಶೆಡ್ಡಿನ ಗಾಡಿಯಲ್ಲಿ ಹಾವು, ಚೇಳು ಇರುವುದು ಅಪರೂಪವಲ್ಲ. ಇಲಿ ಗೂಡು ಸ್ವಚ್ಛ ಮಾಡುವಾಗ ಕೈಗವಸು, ಮಾಸ್ಕ್ ಇರಲಿ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ.

ಜಾಕ್ ವಿಷಯದಲ್ಲೂ ಎಚ್ಚರ ಬೇಕು. ಕರಿಮಣ್ಣಿನ ನೆಲ ಮಳೆಯಾದ ಮೇಲೆ ಜಾಕನ್ನು ನುಂಗುತ್ತದೆ. ಕೆಳಗೆ ಶಹಾಬಾದ್ ಫರಸಿ ಇಟ್ಟರೆ ಅದು ಪಟ್ಟನೆ ಒಡೆಯಬಹುದು. ದಪ್ಪ ಮರದ ಹಲಗೆ ಹಾಕಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಪೆಟ್ರೋಲ್ ಮತ್ತು ಎಂಜಿನ್

ಹಳೆಯ ಪೆಟ್ರೋಲ್ ಒಂದು ಹನಿಯೂ ಉಳಿಯಬಾರದು. ಅದು ಅಂಟಾಗಿ ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತು ಮುಚ್ಚುತ್ತದೆ. ಟ್ಯಾಂಕ್ ಇಳಿಸಿ ತೊಳೆಯಿಸಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ, ಆದ್ದರಿಂದ ಬೆಸುಗೆ, ಬೀಡಿ ಯಾವುದೂ ಹತ್ತಿರ ಬೇಡ. ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದನ್ನು ತಾಳುವುದಿಲ್ಲ, ಮೆತ್ತಗಾಗಿ ಸೋರುತ್ತದೆ. ಎಥೆನಾಲ್ ತಡೆಯುವ ಪೈಪ್ ಎಂದೇ ಕೇಳಿ ತನ್ನಿ. ಕಾರ್ಬೊರೇಟರ್ ಬಿಚ್ಚಿದಾಗ ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ. ತೂತು ಒಂದಿಷ್ಟು ದೊಡ್ಡದಾದರೂ ಮೈಲೇಜ್ ಹೋಯಿತು. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಈಗ ಎಂಜಿನ್. ಮೂರೂ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಪ್ಲಗ್ ವೈರ್‌ಗಳ ಫೋಟೊ ತೆಗೆದುಕೊಳ್ಳಿ, ಅದಲುಬದಲಾದರೆ ಗಾಡಿ ಚಾಲೂ ಆಗುವುದಿಲ್ಲ. ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಮಾರನೆಯ ದಿನ ಎಂಜಿನ್ ಪಕ್ಕದ ಬೆಲ್ಟ್ ಚಕ್ರಕ್ಕೆ (ಕ್ರ್ಯಾಂಕ್ ಪುಲ್ಲಿ) ಪಾನಾ ಹಾಕಿ ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಜೋರು ಮಾಡದೆ ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಜಾಮ್ ಆದ ಎಂಜಿನ್ ಕೆಲವೊಮ್ಮೆ ಹಲವು ದಿನ ಕಾದ ಮೇಲೆ ಬಿಡುತ್ತದೆ.

ಹಳೆಯ ಆಯಿಲ್ ಇಳಿಸಿದಾಗ ಬಣ್ಣ ನೋಡಿ. ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ, ಎಂಜಿನ್ ಹೆಡ್ಡಿನ ಕೆಳಗಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಯಿಲ್, ಫಿಲ್ಟರ್, ಟೈಮಿಂಗ್ ಬೆಲ್ಟ್ ಮೂರನ್ನೂ ಬದಲಿಸಿ. ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬೇಡ, ರಬ್ಬರ್ ವಯಸ್ಸಿಗೇ ಸಾಯುತ್ತದೆ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಇರುವ ಮಿಸ್ತ್ರಿ ಸಿಕ್ಕರೆ ಬಿಡಬೇಡಿ. ಎಂಜಿನ್ ಕಟ್ಟಿಸಬೇಕೋ ಬೇಡವೋ ಎಂದು ಹೇಳುವ ಅಳತೆ ಇದೇ. ಮೂರು ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್. ಸುಮ್ನೆ ‘ಎಂಜಿನ್ ಹೋಗ್ಯದ’ ಎನ್ನುವ ಮಾತಿಗೆ ದುಡ್ಡು ಕೊಡಬೇಡಿ, ಅಳತೆ ತೋರಿಸಲು ಹೇಳಿ.

ವೈರಿಂಗ್: ತಾಳ್ಮೆ ಬೇಕಾದ ಜಾಗ

ನಿಂತ ಕಾರಿನಲ್ಲಿ ಹೆಚ್ಚು ಹಣ ಪೋಲಾಗುವುದು ಇಲ್ಲಿ. ಲೈಟ್ ಮಂದವಾದರೆ ಬಲ್ಬ್, ಸೆಲ್ಫ್ ತಿರುಗದಿದ್ದರೆ ಹೊಸ ಸೆಲ್ಫ್, ಚಾರ್ಜ್ ಆಗದಿದ್ದರೆ ಹೊಸ ಡೈನಮೋ, ಹೀಗೆ ಒಂದೊಂದೇ ಬದಲಿಸುತ್ತ ಹೋಗುತ್ತಾರೆ. ಕೊನೆಗೆ ನೋಡಿದರೆ ತಪ್ಪಿದ್ದದ್ದು ತುಕ್ಕು ಹಿಡಿದ ಒಂದು ಅರ್ಥಿಂಗ್ ಬೋಲ್ಟಿನಲ್ಲಿ. ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಕೈಯಲ್ಲಿದ್ದರೆ ಈ ಸುತ್ತಾಟ ತಪ್ಪುತ್ತದೆ.

ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ನೆಗೆಟಿವ್ ಕಂಬ ಮತ್ತು ಅದರ ಕೇಬಲ್ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದನ್ನು ಸೇರಿಸಿ. ಕೀ ತೆಗೆದು, ಬಾಗಿಲು ಮುಚ್ಚಿ, ಎಲ್ಲ ಸ್ವಿಚ್ ಆಫ್ ಮಾಡಿ ನೋಡಿ. ಬಲ್ಬ್ ಪ್ರಕಾಶವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ನಡುವೆ ಇರುವುದರಿಂದ ವೈರ್ ಸುಡುವುದಿಲ್ಲ. ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಬಲ್ಬ್ ಆರುತ್ತದೋ ಆ ದಾರಿಯಲ್ಲೇ ತೊಂದರೆ. ಎಲ್ಲ ಫ್ಯೂಸ್ ಕಿತ್ತರೂ ಉರಿಯುತ್ತಿದ್ದರೆ ಫ್ಯೂಸ್ ಇಲ್ಲದ ದಪ್ಪ ವೈರ್‌ಗಳನ್ನು, ಡೈನಮೋ ಮತ್ತು ಸೆಲ್ಫ್ ಕಡೆ ಹೋಗುವುದನ್ನು ನೋಡಬೇಕು.

ತೊಗರಿ ಚೀಲದ ಪಕ್ಕ ನಿಂತ ಕಾರಿನ ವೈರ್ ಇಲಿ ಕಡಿಯದೆ ಬಿಟ್ಟಿರುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ, ಬ್ಯಾಟರಿ ಹಿಂದೆ, ಹಿಂದಿನ ಸೀಟಿನ ಅಡಿ ಹುಡುಕಿ. ತುಂಡಾದಲ್ಲಿ ಅದೇ ಬಣ್ಣ, ಅದೇ ದಪ್ಪದ ವೈರ್ ಹಾಕಿ ಸೋಲ್ಡರ್ ಮಾಡಿ, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿ. ಬರೀ ಹೊಸೆದು ಟೇಪ್ ಸುತ್ತಿದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹತ್ತು ಆಂಪ್ ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ, ಸಿಗರೇಟ್ ಪ್ಯಾಕಿನ ಹಾಳೆ ಹಾಕಿದ್ದು ಕಂಡರೆ ಅವತ್ತೇ ತೆಗೆಯಿರಿ. ಗಾಡಿಗೆ ಬೆಂಕಿ ಬೀಳುವ ದಾರಿ ಅದು.

ಇನ್ನು ಅರ್ಥಿಂಗ್. ಬ್ಯಾಟರಿಯ ನೆಗೆಟಿವ್ ಬಾಡಿಗೂ ಎಂಜಿನ್‌ಗೂ ಗಟ್ಟಿಯಾಗಿ ಸೇರಿರಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಎಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿ ಸಡಿಲವಾದರೆ ಸೆಲ್ಫಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದ್ದರೆ ಕಾರಣ ಇದೇ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಜೊತೆಗೆ ಮಿಣುಕಿದರೆ ಆ ಲೈಟಿನ ಅರ್ಥಿಂಗ್ ಕೆಟ್ಟಿದೆ. ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಡಿ. ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುವ ಹಂತಕ್ಕೆ ಬಂದ ಮೇಲೆ, ಮೊದಲಿನ ಬಲ್ಬ್ ತೆಗೆದು ಕೇಬಲ್ ನೇರವಾಗಿ ಜೋಡಿಸಿ, ಒಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟ್ ಆಸುಪಾಸು ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಬಂದರೆ ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ, ಬಣ್ಣ ಕೆರೆದು, ಬೋಲ್ಟ್ ಬಿಗಿ ಮಾಡಿ. ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಎಷ್ಟೋ ಕಾರುಗಳ ‘ಕೆಟ್ಟ ಸೆಲ್ಫ್’ ಇಷ್ಟಕ್ಕೇ ಸರಿಯಾಗುತ್ತದೆ.

ಚಾರ್ಜಿಂಗ್‌ಗೂ ಇದೇ ಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಕಡಿಮೆ ಇದ್ದರೆ ಮೊದಲು ಡೈನಮೋ ತಿರುಗಿಸುವ ಬೆಲ್ಟಿನ ಬಿಗಿ ನೋಡಿ, ಆಮೇಲೆ ಡೈನಮೋದ ಕಾರ್ಬನ್ ಬ್ರಷ್, ಕೊನೆಗೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ. ಹೆಡ್‌ಲೈಟಿಗೆ ರಿಲೇ ಹಾಕಿಸುವುದು ಖರ್ಚಿಗೆ ತಕ್ಕ ಕೆಲಸ. ಸವೆದ ಸ್ವಿಚ್ಚಿನ ಮೇಲಿನ ಭಾರ ಇಳಿದು ಬೆಳಕು ಎದ್ದು ಕಾಣುತ್ತದೆ.

ನಮ್ಮ ನೀರು, ನಮ್ಮ ಬಿಸಿಲು

ಸೇಡಂ, ಮಳಖೇಡ, ವಾಡಿ, ಶಹಾಬಾದ್ ಇರುವುದೇ ಸುಣ್ಣದ ಕಲ್ಲಿನ ಪಟ್ಟಿಯಲ್ಲಿ. ಅದಕ್ಕೇ ಅಲ್ಲೆಲ್ಲ ಸಿಮೆಂಟ್ ಕಾರ್ಖಾನೆಗಳು ಬಂದವು, ಬೋರ್‌ವೆಲ್ ನೀರು ಗಡುಸಾದದ್ದೂ ಅದಕ್ಕೇ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ. ರೇಡಿಯೇಟರ್ ಇಳಿಸಿ ಸ್ವಚ್ಛ ಮಾಡಿಸಿ, ಹೋಸ್ ಪೈಪು ಮತ್ತು ಮುಚ್ಚಳ ಹೊಸತು ಹಾಕಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿ. ‘ಬಿಸಿಲಿನ ಊರು, ಥರ್ಮೋಸ್ಟಾಟ್ ಯಾಕೆ’ ಎಂದು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆಯುವ ಆ ವಾಲ್ವನ್ನೇ ಕಿತ್ತೆಸೆಯುವ ರೂಢಿ ಇಲ್ಲಿದೆ. ನನಗೆ ಇದು ಒಪ್ಪಿಗೆಯಿಲ್ಲ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸತು ಹಾಕಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗದಿದ್ದರೆ ಅದರ ಶಾಖದ ಸ್ವಿಚ್ಚಿನ ಎರಡು ವೈರ್ ಕೂಡಿಸಿ, ಕೀ ಆನ್ ಮಾಡಿ ನೋಡಿ. ಆಗ ತಿರುಗಿದರೆ ಫ್ಯಾನ್ ಸರಿ ಇದೆ, ಸ್ವಿಚ್ ಕೆಟ್ಟಿದೆ.

ಬ್ರೇಕ್, ಟೈರ್

ಗಾಡಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ, ಅಲ್ವಾ? ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತರೆ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ. ಅವುಗಳೊಳಗಿನ ರಬ್ಬರ್ ಕಿಟ್ ಬದಲಿಸಿ, ರಬ್ಬರ್ ಹೋಸ್ ಬದಲಿಸಿ, ಹೊಸ ಆಯಿಲ್ ತುಂಬಿ ಗಾಳಿ ತೆಗೆಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಗೆರೆಗಳು ಆಳವಾಗಿದ್ದರೂ ಅಂಥ ಹಳೆಯ ಟೈರ್ ನಂಬಬೇಡಿ.

ಈಗ ಕೀ ತಿರುಗಿಸಿ

ಕಾರನ್ನು ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ಬೆಂಕಿ ನಂದಿಸುವ ಸಿಲಿಂಡರ್ ಹತ್ತಿರ ಇರಲಿ. ಪ್ಲಗ್ ಹಾಕುವ ಮೊದಲು, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗೆ ಬರುವ ಕರೆಂಟ್ ತಪ್ಪಿಸಿ, ಆಯಿಲ್ ದೀಪ ಆರುವವರೆಗೆ ಸೆಲ್ಫ್ ತಿರುಗಿಸಿ. ಹೀಗೆ ಮಾಡಿದರೆ ಬೇರಿಂಗ್‌ಗಳಿಗೆ ಮೊದಲು ಎಣ್ಣೆ ತಲುಪುತ್ತದೆ. ಆಮೇಲೆ ಪ್ಲಗ್ ಹಾಕಿ, ಕಾಯಿಲ್ ವೈರ್ ಮತ್ತೆ ಜೋಡಿಸಿ ಚಾಲೂ ಮಾಡಿ. ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುತ್ತದೆ, ನಾವೇ ಬಿಟ್ಟ ಆಯಿಲ್ ಸುಡುವುದು ಅದು. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೂ ಓಡಲು ಬಿಡಿ. ಎಲ್ಲಿ ಸೋರುತ್ತದೆ, ಎಲ್ಲಿ ವಾಸನೆ ಬರುತ್ತದೆ ನೋಡುತ್ತಿರಿ.

ಆರ್‌ಸಿ ಅವಧಿ ಮುಗಿದಿದ್ದರೆ ಓಡಾಟವೆಲ್ಲ ಹೊಲದಲ್ಲೋ ಅಂಗಳದಲ್ಲೋ ಆಗಬೇಕು. ವಿಮೆ ಮಾಡಿಸಿ, ತಪಾಸಣೆಗೆ ಗಾಡಿಯನ್ನು ಎಳೆಸಿಕೊಂಡು ಹೋಗಿ. ಲೈಟ್, ಹಾರ್ನ್, ವೈಪರ್ ಎಲ್ಲ ಕೆಲಸ ಮಾಡಬೇಕು. ಚಾಸಿಸ್ ನಂಬರ್ ಓದಲು ಬರುವಂತೆ ಉಜ್ಜಿಡಿ. ನೋಂದಣಿಯಾದ ಮೇಲೆ ಮೊದಲು ರಿಂಗ್ ರಸ್ತೆ, ಆಮೇಲೆ ಶಹಾಬಾದ್‌ವರೆಗೆ, ಆಮೇಲೆ ಬೀದರ್. ಮೊದಲ 500 ಕಿಲೊಮೀಟರ್ ಆಗುತ್ತಿದ್ದಂತೆ ಆಯಿಲ್, ಪೆಟ್ರೋಲ್ ಫಿಲ್ಟರ್ ಮತ್ತೊಮ್ಮೆ ಬದಲಿಸಿ. ಒಳಗೆ ಉಳಿದಿದ್ದ ಕೊಳೆ ಈ ಓಟದಲ್ಲಿ ಹೊರಗೆ ಬಂದಿರುತ್ತದೆ.